ಕೆಟ್ಟ ಸುದ್ದಿ ನಿಮ್ಮ ಕಿವಿಗೆ ಎಷ್ಟನೇ ದಿನಕ್ಕೆ ಬೀಳುತ್ತದೆ? ತಂಡದಲ್ಲಿ ಮಾನಸಿಕ ಸುರಕ್ಷತೆ ಕಟ್ಟುವ ಹಂತಗಳು

ನಾನು ಆರು ಜನರ ತಂಡವೊಂದನ್ನು ನೋಡಿಕೊಳ್ಳುತ್ತಿದ್ದ ದಿನಗಳ ಮಾತು. ಗ್ರಾಹಕರಿಗೆ ಕಳಿಸಿದ ವರದಿಯೊಂದರಲ್ಲಿ ಒಂದಿಡೀ ಕಾಲಂ ತಪ್ಪಾಗಿತ್ತು. ಅದನ್ನು ಕಂಡುಹಿಡಿದದ್ದು ಗ್ರಾಹಕರೇ. ವಿಚಾರಿಸುತ್ತ ಹೋದಾಗ ಗೊತ್ತಾಯಿತು, ತಂಡಕ್ಕೆ ಸೇರಿ ಎರಡು ತಿಂಗಳಾಗಿದ್ದ ಕಿರಿಯ ಸಹೋದ್ಯೋಗಿಯೊಬ್ಬರು ವರದಿ ಹೋಗುವುದಕ್ಕೆ ಮೂರು ದಿನ ಮೊದಲೇ ಆ ತಪ್ಪನ್ನು ನೋಡಿದ್ದರು. "ಮತ್ಯಾಕೆ ಹೇಳಲಿಲ್ಲ?" ಎಂದೆ. "ನೀವು ಆವಾಗ ತುಂಬಾ ಬ್ಯುಸಿ ಇದ್ರಿ. ನನಗೇ ಸರಿಯಾಗಿ ಅರ್ಥ ಆಗಿಲ್ವೇನೋ ಅನ್ಕೊಂಡೆ" ಎಂದರು.

ನಾನು ಅವರನ್ನು ಒಂದು ಸಲವೂ ಗದರಿಸಿರಲಿಲ್ಲ. ಹಾಗಾಗಿ ನನ್ನದೇನೂ ತಪ್ಪಿಲ್ಲ ಎಂದು ಒಂದು ದಿನ ಸಮಾಧಾನ ಮಾಡಿಕೊಂಡೆ. ಎರಡನೇ ದಿನ ನೆನಪಾಯಿತು. ಅದಕ್ಕೆ ಎರಡು ವಾರ ಹಿಂದೆ, ಮೀಟಿಂಗಿನಲ್ಲಿ ಬೇರೊಬ್ಬರು ಏನೋ ಕೇಳಿದಾಗ, "ಇದನ್ನ ಎರಡು ಸಲ ಹೇಳಿದೀನಲ್ಲ" ಎಂದು ನಿಟ್ಟುಸಿರು ಬಿಟ್ಟಿದ್ದೆ. ಬೈಸಿಕೊಂಡವರು ಅದನ್ನು ಮರೆತೂ ಬಿಟ್ಟಿದ್ದರು. ಮೂಲೆಯಲ್ಲಿ ಕೂತು ನೋಡುತ್ತಿದ್ದ ಹೊಸಬರು ಮರೆತಿರಲಿಲ್ಲ.

ಬಾಯಿ ಮುಚ್ಚಿಕೊಂಡಿರುವುದನ್ನು ಜನ ಹೀಗೆ ನೋಡಿ ಕಲಿಯುತ್ತಾರೆ. ಮಾನಸಿಕ ಸುರಕ್ಷತೆ ಎಂಬ ದೊಡ್ಡ ಪದದ ಹಿಂದಿರುವುದು ಇಷ್ಟೇ ವಿಷಯ: ಗೊತ್ತಿಲ್ಲ ಎಂದರೆ, ತಪ್ಪಾಯಿತು ಎಂದರೆ, ಸಹಾಯ ಬೇಕು ಎಂದರೆ, "ನೀವು ಹೇಳಿದ್ದು ಸರಿಯಿಲ್ಲ" ಎಂದರೆ ತನ್ನ ಮರ್ಯಾದೆಗಾಗಲೀ ಕೆಲಸಕ್ಕಾಗಲೀ ಕುತ್ತು ಬರುವುದಿಲ್ಲ ಎಂದು ತಂಡದ ಎಲ್ಲರಿಗೂ ಇರುವ ನಂಬಿಕೆ. ಒಬ್ಬರಿಗೆ ಮಾತ್ರ ಆ ನಂಬಿಕೆ ಇದ್ದರೆ ಅದು ಅವರ ಧೈರ್ಯ ಅಷ್ಟೇ, ತಂಡದ ಗುಣ ಆಗುವುದಿಲ್ಲ.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಏಮಿ ಎಡ್ಮಂಡ್ಸನ್ ಈ ವಿಷಯಕ್ಕೆ ಬಂದದ್ದು ಒಂದು ತಲೆಕೆಳಗಾದ ಲೆಕ್ಕದಿಂದ. 1990ರ ದಶಕದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿ ಅವರು ಆಸ್ಪತ್ರೆಯ ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಊಹೆ. ಅಂಕಿಗಳು ಉಲ್ಟಾ ಬಂದವು. ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು! ಕೆದಕಿ ನೋಡಿದಾಗ, ಆ ತಂಡದವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಹೇಳಿಕೊಳ್ಳುತ್ತಿದ್ದರು. ಉಳಿದ ವಾರ್ಡುಗಳಲ್ಲಿ ತಪ್ಪುಗಳು ಹಾಸಿಗೆಯ ಕೆಳಗೆ ಸೇರುತ್ತಿದ್ದವು. 1999ರಲ್ಲಿ ಅವರು ಒಂದು ಉತ್ಪಾದನಾ ಕಂಪನಿಯ 51 ತಂಡಗಳ ಅಧ್ಯಯನ ಪ್ರಕಟಿಸಿದ ಮೇಲೆ ಈ ಪದ ನೆಲೆ ನಿಂತಿತು. ಗೂಗಲ್ 2012ರಲ್ಲಿ ಶುರು ಮಾಡಿ ತನ್ನದೇ 180 ತಂಡಗಳನ್ನು ಪರಿಶೀಲಿಸಿದಾಗಲೂ, ತಂಡದಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಅವರು ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳುತ್ತಾರೆ ಎನ್ನುವುದೇ ಮುಖ್ಯ ಎಂದು ಕಂಡಿತು. ಪಟ್ಟಿಯಲ್ಲಿ ಮೊದಲು ಬಂದದ್ದು ಮಾನಸಿಕ ಸುರಕ್ಷತೆ.

ಮುಂದಿರುವ ಹಂತಗಳು ಮುಖ್ಯವಾಗಿ ತಂಡ ನಡೆಸುವವರಿಗೆ. ಅಧಿಕಾರ ಇಲ್ಲದವರಿಗೂ ಕೊನೆಯ ಹತ್ತಿರ ಒಂದು ಭಾಗ ಇದೆ.

ಹಂತ 1: ಈಗ ಎಲ್ಲಿದ್ದೀರಿ ಎಂದು ನೋಡಿಕೊಳ್ಳಿ

ಸರ್ವೆ ಮಾಡುವ ಮೊದಲು ಒಂದು ಹಳೆಯ ಲೆಕ್ಕ ತೆಗೆಯಿರಿ. ಕಳೆದ ಮೂರು ತಿಂಗಳಲ್ಲಿ ನಿಮ್ಮ ತಂಡದಲ್ಲಿ ಕೈಕೊಟ್ಟ ಮೂರು ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ: ತಡವಾದ ಕೆಲಸ, ತಪ್ಪಾದ ಲೆಕ್ಕ, ಬಿಟ್ಟು ಹೋದ ಒಬ್ಬ ಸಹೋದ್ಯೋಗಿ. ಪ್ರತಿಯೊಂದರ ಮುಂದೆ ಎರಡು ದಿನಾಂಕ ಹಾಕಿ. ತಂಡದಲ್ಲಿ ಯಾರಿಗಾದರೂ ಅದು ಮೊದಲು ಗೊತ್ತಾದ ದಿನ ಒಂದು, ನಿಮಗೆ ಗೊತ್ತಾದ ದಿನ ಇನ್ನೊಂದು. ಎರಡರ ನಡುವಿನ ಅಂತರವೇ ನಿಮ್ಮ ತಂಡದ ಜ್ವರ. ಕೆಲವು ಗಂಟೆಗಳಾದರೆ ಆರೋಗ್ಯ ಚೆನ್ನಾಗಿದೆ. ವಾರಗಳಾದರೆ, ಅಥವಾ ಮೊದಲನೆಯ ದಿನಾಂಕವನ್ನು ಹೇಳಲು ಯಾರೂ ತಯಾರಿಲ್ಲದಿದ್ದರೆ, ಕೆಲಸ ಇದೆ.

ಮೀಟಿಂಗುಗಳಲ್ಲೂ ಲಕ್ಷಣಗಳು ಕಾಣುತ್ತವೆ. ಎಲ್ಲರೂ ತಲೆಯಾಡಿಸಿ, ಹೊರಗೆ ಕಾರಿಡಾರಿನಲ್ಲಿ ಅಸಲಿ ಮೀಟಿಂಗ್ ನಡೆಯುತ್ತಿದ್ದರೆ. ಮಾತಾಡುವವರು ಯಾವಾಗಲೂ ಅದೇ ಇಬ್ಬರಾಗಿದ್ದರೆ. "ಎಲ್ಲಾ ಸರಿ ಇದೆ" ಎಂಬ ವರದಿ ಗುರುವಾರದವರೆಗೂ ಬಂದು ಶುಕ್ರವಾರ ಒಮ್ಮೆಲೇ ಬಾಂಬ್ ಸಿಡಿದರೆ. ಜಗಳವೇ ಆಗದ ತಂಡವನ್ನೂ ಸ್ವಲ್ಪ ಅನುಮಾನದಿಂದಲೇ ನೋಡಿ. ಆ ನಿಶ್ಶಬ್ದ ಒಗ್ಗಟ್ಟಿನದೂ ಆಗಿರಬಹುದು, ಹೆದರಿಕೆಯದೂ ಆಗಿರಬಹುದು.

ಆಮೇಲೆ ಬೇಕಿದ್ದರೆ ಪ್ರಶ್ನೆಗಳು. ಎಡ್ಮಂಡ್ಸನ್ ಅವರ ಅಳತೆಗೋಲಿನಲ್ಲಿ ಏಳು ಹೇಳಿಕೆಗಳಿವೆ. ಇಲ್ಲಿ ತಪ್ಪು ಮಾಡಿದರೆ ಅದನ್ನೇ ಎತ್ತಿ ಆಡುತ್ತಾರೆಯೇ, ಕಷ್ಟದ ವಿಷಯಗಳನ್ನು ಪ್ರಸ್ತಾಪಿಸಲು ಆಗುತ್ತದೆಯೇ, ಸಹಾಯ ಕೇಳುವುದು ಕಷ್ಟವೇ, ಯಾರಾದರೂ ಬೇಕೆಂದೇ ನನ್ನ ಕೆಲಸಕ್ಕೆ ಅಡ್ಡಗಾಲು ಹಾಕುತ್ತಾರೆಯೇ ಎಂಬ ಧಾಟಿಯವು. ಹೆಸರು ಹಾಕದೆ ಉತ್ತರಿಸಲು ಹೇಳಿ. ಆದರೆ ನಾಲ್ಕೈದು ಜನರ ತಂಡದಲ್ಲಿ ಹೆಸರಿಲ್ಲದ ಸರ್ವೆ ಎಂಬುದೇ ಇರುವುದಿಲ್ಲ. ಬರೆದ ಶೈಲಿ ನೋಡಿದರೆ ಯಾರೆಂದು ಗೊತ್ತಾಗುತ್ತದೆ, ಅದು ಅವರಿಗೂ ಗೊತ್ತಿರುತ್ತದೆ. ಅಂಥ ಕಡೆ ಅಂಕಗಳನ್ನು ಮಾತ್ರ ಕೇಳಿ, ಬರಹ ಬೇಡ. ಉತ್ತರ ಓದಿ "ಇದನ್ನು ಯಾರು ಬರೆದಿರಬಹುದು" ಎಂದು ಯೋಚಿಸುವ ಚಪಲ ಬಂದೇ ಬರುತ್ತದೆ. ಆ ಚಪಲವನ್ನು ಬಾಯಿಗೆ ಬರಲು ಬಿಟ್ಟರೆ ಮುಂದಿನ ಸರ್ವೆಯಲ್ಲಿ ಎಲ್ಲರೂ ಐದಕ್ಕೆ ಐದು ಕೊಡುತ್ತಾರೆ.

ಬಂದ ಉತ್ತರಕ್ಕೆ ಏನೂ ಮಾಡುವ ಉದ್ದೇಶ ಇಲ್ಲದಿದ್ದರೆ ಕೇಳಲೇಬೇಡಿ.

ಹಂತ 2: ಕೆಲಸ ಶುರು ಮಾಡುವಾಗಲೇ ಹೇಳಿಬಿಡಿ

ಇದು ಐದು ನಿಮಿಷದ ಕೆಲಸ. ಹೊಸ ಕೆಲಸ ಆರಂಭಿಸುವ ಮೀಟಿಂಗಿನಲ್ಲಿ ಗುರಿ, ದಿನಾಂಕ, ಜವಾಬ್ದಾರಿ ಹೇಳುತ್ತೀರಲ್ಲ, ಅದರ ಜೊತೆಗೆ ಇನ್ನೆರಡು ಮಾತು ಸೇರಿಸಿ. ಒಂದು, ಇದರಲ್ಲಿ ಯಾವ ಭಾಗ ನಮಗೆ ಹೊಸದು, ಎಲ್ಲಿ ಎಡವುವ ಸಾಧ್ಯತೆ ಇದೆ. ಎರಡು, ನನಗೆ ಏನು ಗೊತ್ತಿಲ್ಲ. "ಈ ಗ್ರಾಹಕರ ಜೊತೆ ನಾನೂ ಮೊದಲ ಸಲ ಕೆಲಸ ಮಾಡ್ತಿರೋದು. ನನ್ನ ಅಂದಾಜು ತಪ್ಪಿರಬಹುದು. ನಿಮಗೆ ಹಾಗನಿಸಿದ ದಿನವೇ ಹೇಳಿ" ಎನ್ನುವುದು ಸಾಕು. ನಾಟಕೀಯವಾಗಿ ತಪ್ಪೊಪ್ಪಿಗೆ ಮಾಡಿಕೊಳ್ಳುವ ಮ್ಯಾನೇಜರುಗಳೂ ಇದ್ದಾರೆ. ಪ್ರತಿ ವಾರ ತಮ್ಮ ದೌರ್ಬಲ್ಯ ಹೇಳಿಕೊಂಡು ತಂಡವೇ ಅವರನ್ನು ಸಮಾಧಾನ ಮಾಡಬೇಕಾಗುತ್ತದೆ. ಅಷ್ಟು ಬೇಡ.

ಹಂತ 3: ಮೊದಲ ಹತ್ತು ಸೆಕೆಂಡು

ಈ ಲೇಖನದಲ್ಲಿ ಒಂದೇ ಒಂದು ಹಂತ ಪಾಲಿಸುವಷ್ಟು ಮಾತ್ರ ಪುರುಸೊತ್ತಿದ್ದರೆ, ಇದನ್ನು ಆರಿಸಿಕೊಳ್ಳಿ.

ಯಾರೋ ಬಂದು "ಒಂದು ಪ್ರಾಬ್ಲಂ ಆಗಿದೆ" ಎನ್ನುತ್ತಾರೆ. ಅಲ್ಲಿಂದ ಹತ್ತು ಸೆಕೆಂಡು ನಿಮ್ಮ ಮುಖ, ಉಸಿರು, ಮೊದಲ ವಾಕ್ಯ ಏನು ಮಾಡುತ್ತವೋ ಅದೇ ನಿಮ್ಮ ತಂಡದ ನಿಯಮ. "ನನ್ನ ಬಾಗಿಲು ಯಾವಾಗಲೂ ತೆರೆದಿದೆ" ಎಂದು ಎಷ್ಟು ಸಲ ಹೇಳಿದ್ದೀರಿ ಎನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ, ಒಳಗೆ ಹೋದವರ ಮುಖ ಹೊರಬರುವಾಗ ಹೇಗಿತ್ತು ಎಂದು ಉಳಿದವರು ನೋಡುತ್ತಿರುತ್ತಾರೆ.

ನಮ್ಮ ಬಾಯಿಂದ ತಾನಾಗಿ ಹೊರಡುವ ಮೊದಲ ವಾಕ್ಯ ಹೆಚ್ಚಾಗಿ ಕೆಟ್ಟದ್ದೇ ಆಗಿರುತ್ತದೆ. "ಹೇಗಾಯ್ತು ಇದು?" "ಯಾರು ನೋಡ್ಕೋತಿದ್ರು?" "ನಾನು ಮೊದಲೇ ಹೇಳಿರ್ಲಿಲ್ವಾ?" ಇವುಗಳಲ್ಲಿ ಬೈಗುಳದ ಒಂದು ಪದವೂ ಇಲ್ಲ. ಆದರೂ ಕೇಳಿಸಿಕೊಂಡವರಿಗೆ ಎಲ್ಲವೂ ಬೈಗುಳವೇ. ಹಾಗಾಗಿ ಮೊದಲ ವಾಕ್ಯವನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ನನ್ನದು: "ಈಗಲೇ ಹೇಳಿದ್ದು ಒಳ್ಳೇದಾಯ್ತು." ಆಮೇಲೆ ಎರಡು ಪ್ರಶ್ನೆ, ಇದೇ ಕ್ರಮದಲ್ಲಿ: "ಈಗ ತಕ್ಷಣ ಯಾರಿಗೆ ತೊಂದರೆ ಆಗ್ತಿದೆ?" ಮತ್ತು "ನನ್ನಿಂದ ಏನಾಗಬೇಕು?" ಕಾರಣ ಹುಡುಕುವ ಪ್ರಶ್ನೆ ಆ ದಿನ ಬೇಡ. ಬೆಂಕಿ ಆರಿಸುವಾಗ ಕಡ್ಡಿ ಗೀರಿದವರನ್ನು ಹುಡುಕಲು ಹೋದರೆ ಬಕೆಟ್ ಹಿಡಿದವರೂ ಓಡಿಹೋಗುತ್ತಾರೆ.

ಶುರುವಿನಲ್ಲಿ ಈ ವಾಕ್ಯ ನಿಮ್ಮ ಬಾಯಲ್ಲಿ ಕೃತಕವಾಗಿ ಕೇಳಿಸುತ್ತದೆ. ಕೇಳಿಸಲಿ. ಮುಖ ಕೆಂಪಾಗಿ ಬಾಯಿ ಮಾತ್ರ "ಥ್ಯಾಂಕ್ಸ್" ಎಂದರೂ ಜನ ಅದನ್ನು ಪ್ರಯತ್ನ ಎಂದೇ ಲೆಕ್ಕ ಹಾಕುತ್ತಾರೆ. ಕೋಪ ತಡೆಯಲಾಗದಿದ್ದರೆ, "ಹತ್ತು ನಿಮಿಷ ಕೊಡಿ, ನಾನೇ ಬರ್ತೀನಿ" ಎಂದು ಎದ್ದು ಹೋಗಿ. ಮತ್ತೆ ಹೋಗುವುದನ್ನು ಮಾತ್ರ ಮರೆಯಬೇಡಿ. ಆಗಲೇ ಸಿಡುಕಿಬಿಟ್ಟಿದ್ದರೆ ಎಲ್ಲರೆದುರು ಸಿಡುಕಿದ್ದಕ್ಕೆ ಎಲ್ಲರೆದುರೇ ಕ್ಷಮೆ ಕೇಳಿ. ನೋಡಿ ಕಲಿತವರು ಮೂಲೆಯಲ್ಲಿ ಕೂತಿದ್ದಾರಲ್ಲ, ಅವರಿಗೂ ಅದು ಕಾಣಬೇಕು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆ ಬರುತ್ತದೆ: ಹಾಗಾದರೆ ಯಾರು ಏನು ಮಾಡಿದರೂ ಬೆನ್ನು ತಟ್ಟಬೇಕೇ? ಇಲ್ಲ. ತಪ್ಪುಗಳಲ್ಲಿ ಜಾತಿಗಳಿವೆ. ಯಾರೂ ಮಾಡಿರದ ಕೆಲಸವನ್ನು ಯೋಚಿಸಿ, ಸಣ್ಣ ಪ್ರಮಾಣದಲ್ಲಿ ಪ್ರಯತ್ನಿಸಿ ಸೋತರೆ ಅದು ಕಲಿಕೆಯ ಖರ್ಚು, ಅದಕ್ಕೆ ಶಹಬ್ಬಾಸ್ ಹೇಳಬಹುದು. ಹತ್ತು ಕಡೆಯ ಸಣ್ಣ ಲೋಪಗಳು ಒಂದೇ ದಿನ ಕೂಡಿಕೊಂಡು ಆದ ಅವಘಡದಲ್ಲಿ ಒಬ್ಬರ ಕೊರಳಿಗೆ ಕಟ್ಟುವಂಥದ್ದು ಏನೂ ಇರುವುದಿಲ್ಲ, ವ್ಯವಸ್ಥೆ ಸರಿಮಾಡಬೇಕು. ಗೊತ್ತಿರುವ ಕೆಲಸದಲ್ಲಿ ಅಜಾಗರೂಕತೆಯಿಂದ ಮತ್ತೆ ಮತ್ತೆ ಆಗುವ ತಪ್ಪಿಗೆ ತರಬೇತಿ, ಚೆಕ್‌ಲಿಸ್ಟ್, ನೇರ ಮಾತು ಬೇಕು. ಗೊತ್ತಿದ್ದೂ ನಿಯಮ ಮುರಿದವರಿಗೆ, ತಪ್ಪನ್ನು ಮುಚ್ಚಿಟ್ಟವರಿಗೆ, ಸಹೋದ್ಯೋಗಿಯನ್ನು ಪೀಡಿಸಿದವರಿಗೆ ಶಿಕ್ಷೆಯೇ ಆಗಬೇಕು. ಪೀಡಿಸುವವರನ್ನು "ಕೆಲಸದಲ್ಲಿ ಹುಲಿ" ಎಂದು ಇಟ್ಟುಕೊಂಡ ತಂಡದಲ್ಲಿ ಉಳಿದ ಯಾವ ಹಂತವೂ ಕೆಲಸ ಮಾಡುವುದಿಲ್ಲ. ಎಲ್ಲೆ ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೆ ಉಳಿದ ಜಾಗದಲ್ಲಿ ಜನ ನಿರಾಳವಾಗಿ ಓಡಾಡುತ್ತಾರೆ.

ಹಂತ 4: ಮಾತು ಹೊರಬರುವ ದಾರಿ ಮಾಡಿ

1978ರ ಡಿಸೆಂಬರ್ 28ರಂದು ಯುನೈಟೆಡ್ ಏರ್‌ಲೈನ್ಸ್‌ನ ವಿಮಾನವೊಂದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಬಳಿ ಸುಮಾರು ಒಂದು ಗಂಟೆ ಸುತ್ತು ಹಾಕುತ್ತಿತ್ತು. ಇಳಿಯುವ ಚಕ್ರಗಳಲ್ಲಿ ತೊಂದರೆ ಕಂಡಿತ್ತು, ಕ್ಯಾಪ್ಟನ್ನರ ಗಮನ ಪೂರ್ತಿ ಅದರ ಮೇಲೆ. ಇಂಧನ ಇಳಿಯುತ್ತಿರುವುದು ಜೊತೆಗಿದ್ದ ಸಿಬ್ಬಂದಿಗೆ ಗೊತ್ತಿತ್ತು. ಅವರು ಹೇಳಿದರು ಕೂಡ. ಆದರೆ ಹೇಳಿದ್ದು ಸೂಚನೆಯ ಧಾಟಿಯಲ್ಲಿ, ಮೇಲಿನವರ ಮನಸ್ಸಿಗೆ ನೋವಾಗದ ಹಾಗೆ. "ಈಗಲೇ ಇಳಿಯಲೇಬೇಕು" ಎಂದು ಯಾರೂ ಒತ್ತಿ ಹೇಳಲಿಲ್ಲ. ಇಂಧನ ಖಾಲಿಯಾಗಿ ವಿಮಾನ ಕೆಳಗೆ ಬಿತ್ತು. ಅದರಲ್ಲಿದ್ದ 189 ಜನರಲ್ಲಿ 10 ಜನ ಸತ್ತರು. ಇಂಧನದ ಲೆಕ್ಕ ಇಟ್ಟಿದ್ದ ಫ್ಲೈಟ್ ಎಂಜಿನಿಯರ್ ಅವರಲ್ಲಿ ಒಬ್ಬರು.

ಇಂಥ ಅಪಘಾತಗಳ ನಂತರ 1979ರಲ್ಲಿ ನಾಸಾ ಕರೆದ ಕಾರ್ಯಾಗಾರದಿಂದ ಹುಟ್ಟಿದ ತರಬೇತಿ ಪದ್ಧತಿ ಇವತ್ತು ವಿಮಾನಯಾನದಲ್ಲಿ ಎಲ್ಲೆಡೆ ಇದೆ. ಕಿರಿಯರಿಗೆ ಹೇಗೆ ಒತ್ತಿ ಹೇಳಬೇಕೆಂದೂ, ಹಿರಿಯರಿಗೆ ಹೇಗೆ ಕೇಳಿಸಿಕೊಳ್ಳಬೇಕೆಂದೂ ಅದು ಕಲಿಸುತ್ತದೆ. ನಮ್ಮ ಕೆಲಸಕ್ಕೆ ಇದರಿಂದ ಸಿಗುವ ಪಾಠ ಸರಳ. "ಧೈರ್ಯವಾಗಿ ಮಾತಾಡಿ" ಎಂಬ ಉಪದೇಶ ಸಾಲದು, ಮಾತಾಡುವುದು ಕೆಲಸದ ಕ್ರಮದ ಭಾಗವೇ ಆಗಿಬಿಡಬೇಕು.

ಮಾಡಿ ನೋಡಿದ ಕೆಲವು ಉಪಾಯಗಳು:

ಮೀಟಿಂಗ್ ಕೊನೆಯಲ್ಲಿ "ಏನಾದ್ರೂ ಪ್ರಶ್ನೆ ಇದ್ಯಾ?" ಎಂದು ಕೇಳುವುದನ್ನು ಬಿಡಿ. ಎದ್ದು ಹೋಗಲು ಚೀಲ ಎತ್ತಿಕೊಂಡ ಜನಕ್ಕೆ ಅದು ಗಂಟೆ ಬಾರಿಸಿದ ಹಾಗೆ. "ಇದರಲ್ಲಿ ನಾನು ಏನನ್ನು ಬಿಟ್ಟಿದೀನಿ?" ಎಂದು ಕೇಳಿ, ಆಮೇಲೆ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆರು ಏಳರ ಹೊತ್ತಿಗೆ ಆ ಮೌನ ತಡೆಯಲಾಗದೆ ಯಾರಾದರೂ ಬಾಯಿ ತೆರೆಯುತ್ತಾರೆ. ಆ ಯಾರಾದರೂ ನೀವಾಗಬಾರದು, ಅಷ್ಟೇ.

ಅಭಿಪ್ರಾಯ ಬೇಕಾದ ವಿಷಯಕ್ಕೆ ಮೊದಲು ಎರಡು ನಿಮಿಷ ಎಲ್ಲರೂ ಕಾಗದದ ಮೇಲೆ ಬರೆಯಲಿ, ಆಮೇಲೆ ಮಾತು. ಓದುವಾಗ ಕಿರಿಯರಿಂದ ಶುರು ಮಾಡಿ ಹಿರಿಯರಲ್ಲಿ ಮುಗಿಸಿ. ನೀವು ಕೊನೆಯವರು. ಬಾಸ್ ಮೊದಲು ಮಾತಾಡಿದ ಮೇಲೆ ಬರುವುದು ಅಭಿಪ್ರಾಯವಲ್ಲ, ಬರೀ ಹೂಂಗುಟ್ಟುವಿಕೆ. ದೂರದಿಂದ ಕೆಲಸ ಮಾಡುವ ತಂಡಗಳಿಗೆ ಇದು ಇನ್ನೂ ಮುಖ್ಯ. ವಿಡಿಯೋ ಕಾಲಿನಲ್ಲಿ ಮಧ್ಯೆ ಬಾಯಿ ಹಾಕುವುದೇ ದೊಡ್ಡ ಸಾಹಸ, ಚಾಟಿನಲ್ಲಿ ಎಲ್ಲರೂ ಬರೆದು ಒಂದೇ ಸಲ ಕಳಿಸುವುದು ಸುಲಭ.

ದೊಡ್ಡ ಕೆಲಸ ಶುರುವಾಗುವ ಮುನ್ನ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಜನಪ್ರಿಯಗೊಳಿಸಿದ ಒಂದು ಆಟ ಆಡಿ. "ಈಗ ಆರು ತಿಂಗಳಾಗಿದೆ. ಈ ಕೆಲಸ ಮಕಾಡೆ ಮಲಗಿದೆ. ಯಾಕೆ ಅಂತ ಎಲ್ಲರೂ ಬರೀರಿ." ಸೋತಿದೆ ಎಂದು ಮೊದಲೇ ಒಪ್ಪಿಕೊಂಡದ್ದರಿಂದ ಸಂದೇಹ ಹೇಳುವವರು ಅಪಶಕುನದವರಾಗುವುದಿಲ್ಲ, ಆಟ ಚೆನ್ನಾಗಿ ಆಡಿದವರಾಗುತ್ತಾರೆ. ಮೊದಲ ಸಲ ಇದನ್ನು ಮಾಡಿದಾಗ ಮೂರು ಚೀಟಿಗಳಲ್ಲಿ ಒಂದೇ ವಿಷಯ ಬಂತು: ಎಲ್ಲರಿಗೂ ಗೊತ್ತಿದ್ದು ನನಗೆ ಮಾತ್ರ ಗೊತ್ತಿರದ ವಿಷಯ.

ಮತ್ತೆ, ಭಿನ್ನ ಅಭಿಪ್ರಾಯ ಹೇಳಿದ ಮೊದಲಿಗರನ್ನು ಒಂಟಿಯಾಗಿ ಬಿಡಬೇಡಿ. 1950ರ ದಶಕದಲ್ಲಿ ಸಾಲೊಮನ್ ಆಶ್ ನಡೆಸಿದ ಪ್ರಯೋಗಗಳಲ್ಲಿ, ಗೆರೆಗಳ ಉದ್ದ ಹೋಲಿಸುವಷ್ಟು ಸರಳ ಪ್ರಶ್ನೆಗೂ, ಸುತ್ತಲಿನವರೆಲ್ಲ ತಪ್ಪು ಹೇಳಿದಾಗ ಜನ ಮತ್ತೆ ಮತ್ತೆ ತಾವೂ ತಪ್ಪನ್ನೇ ಹೇಳಿದರು. ಗುಂಪಿನಲ್ಲಿ ಇನ್ನೊಬ್ಬರೇ ಒಬ್ಬರು ಸರಿ ಉತ್ತರ ಹೇಳಿದರೆ ಸಾಕು, ಹಾಗೆ ಬಗ್ಗುವವರು ಬಹಳ ಕಡಿಮೆಯಾದರು. ನಿಮ್ಮ ಕೆಲಸ ಆ ಇನ್ನೊಬ್ಬರಾಗುವುದು. ಒಪ್ಪಿಗೆ ಇಲ್ಲದಿದ್ದರೂ "ಇದನ್ನ ಪೂರ್ತಿ ಕೇಳೋಣ" ಎಂದರಾಯಿತು.

ಹಂತ 5: ಎಡವಿದ ಮೇಲೆ ಕೂತು ಮಾತಾಡುವ ರೀತಿ

ತಪ್ಪಾದ ನಂತರದ ಮೀಟಿಂಗಿನಲ್ಲಿ "ಇದರಲ್ಲಿ ಯಾರನ್ನೂ ದೂರುತ್ತಿಲ್ಲ" ಎಂದು ಶುರು ಮಾಡಿ, ಮುಂದಿನ ಅರ್ಧ ಗಂಟೆ ಒಬ್ಬರನ್ನೇ ನೋಡಿಕೊಂಡು ಮಾತಾಡುವುದನ್ನು ಬಹಳ ಕಡೆ ನೋಡಿದ್ದೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ವಾತಾವರಣದಲ್ಲಿ ನಿಜ ಹೊರಬರುವುದಿಲ್ಲ.

ಬಿಸಿ ಆರಿದ ಮೇಲೆ, ನೆನಪು ಆರುವ ಮೊದಲು ಕೂತುಕೊಳ್ಳಿ. ಎರಡು ಮೂರು ದಿನ ಸರಿಯಾದ ಅಂತರ. ಬೋರ್ಡಿನ ಮೇಲೆ ಮೊದಲು ಘಟನೆಗಳ ಸಾಲು ಮಾತ್ರ ಬರೆಯಿರಿ: ಎಷ್ಟು ಗಂಟೆಗೆ ಏನಾಯಿತು, ಆಗ ಯಾರಿಗೆ ಏನು ಕಾಣುತ್ತಿತ್ತು. ಕೈತಪ್ಪಿದವರೇ ತಮ್ಮ ಭಾಗ ಹೇಳಲಿ, ಬೇರೆಯವರು ಅವರ ಪರವಾಗಿ ಹೇಳುವುದು ಬೇಡ. "ಯಾಕೆ ನೋಡ್ಲಿಲ್ಲ?" ಎಂಬ ಪ್ರಶ್ನೆ ಬಂದರೆ ಅದನ್ನು "ಆಗ ನಿಮ್ಮ ಸ್ಕ್ರೀನ್ ಮೇಲೆ ಏನು ಕಾಣ್ತಿತ್ತು?" ಎಂದು ತಿದ್ದಿ. ಮೊದಲನೆಯದಕ್ಕೆ ಸಮಜಾಯಿಷಿ ಸಿಗುತ್ತದೆ, ಎರಡನೆಯದಕ್ಕೆ ಮಾಹಿತಿ. "ಮನುಷ್ಯನ ತಪ್ಪು" ಎಂದು ಬರೆದು ವರದಿ ಮುಗಿಸಬೇಡಿ. ಅಷ್ಟು ಸುಲಭವಾಗಿ ಮನುಷ್ಯ ಆ ತಪ್ಪು ಮಾಡಲು ಸಾಧ್ಯವಾದದ್ದು ಹೇಗೆ ಎಂಬಲ್ಲಿಂದ ವಿಚಾರಣೆ ಶುರು.

ಕೊನೆಗೆ ಹದಿನೈದು ಕ್ರಮಗಳ ಪಟ್ಟಿ ಬೇಡ. ಒಂದು ಅಥವಾ ಎರಡು, ಹೆಸರು ಮತ್ತು ದಿನಾಂಕ ಸಮೇತ. ಆ ದಿನಾಂಕದಂದು ಅದು ಆಗಿದೆಯೇ ಎಂದು ಎಲ್ಲರೆದುರು ಹೇಳಿ. ತಪ್ಪು ಒಪ್ಪಿಕೊಂಡದ್ದರಿಂದ ಏನಾದರೂ ಬದಲಾಯಿತು ಎಂದು ಕಂಡರೆ ಮಾತ್ರ ಮುಂದಿನ ಸಲ ಇನ್ನೊಬ್ಬರು ಒಪ್ಪಿಕೊಳ್ಳುತ್ತಾರೆ.

ಹಂತ 6: ಹೊರೆ ಇಳಿಸದೆ ಕ್ಷೇಮ ವಿಚಾರಿಸಬೇಡಿ

ವಾರಕ್ಕೆ ಅರವತ್ತು ಗಂಟೆ ದುಡಿಸಿ ಶುಕ್ರವಾರ ಸಂಜೆ ಧ್ಯಾನದ ತರಗತಿ ಇಡುವ ಆಫೀಸುಗಳ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಧ್ಯಾನದಲ್ಲಿ ತಪ್ಪೇನಿಲ್ಲ. ಆದರೆ ಆ ತರಗತಿಗೆ ಹೋದವರು ಆ ಒಂದು ಗಂಟೆಯ ಕೆಲಸವನ್ನು ರಾತ್ರಿ ಮಾಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಎಂಬುದನ್ನು ಕಾಯಿಲೆ ಎಂದು ಕರೆದಿಲ್ಲ. ಕೆಲಸದ ಸ್ಥಳದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದ್ದರಿಂದ ಬರುವ ಸ್ಥಿತಿ ಎಂದಿದೆ. ಅದಕ್ಕೆ ಮೂರು ಗುರುತು: ಶಕ್ತಿ ಬತ್ತಿಹೋದ ಹಾಗೆ ಆಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಎಲ್ಲದರ ಬಗ್ಗೆ ಕೊಂಕು ತುಂಬಿಕೊಳ್ಳುವುದು, ಕೈಯಿಂದ ಕೆಲಸ ಸಾಗುತ್ತಿಲ್ಲ ಅನಿಸುವುದು. ಎರಡನೆಯದನ್ನು ನಾವು ತಪ್ಪಾಗಿ ಓದುತ್ತೇವೆ. ಮೊದಲು ಹುರುಪಿನಿಂದಿದ್ದವರು ಈಗ ಎಲ್ಲಕ್ಕೂ "ಏನ್ ಮಾಡಿದ್ರೂ ಅಷ್ಟೇ" ಎನ್ನುತ್ತಿದ್ದರೆ ಅದನ್ನು ಸೊಕ್ಕು ಎಂದುಕೊಳ್ಳುತ್ತೇವೆ, ಎಷ್ಟೋ ಸಲ ಅದು ದಣಿವು. ಅದೇ ಸಂಸ್ಥೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಜೊತೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಪ್ರತಿಶತ ಹೆಚ್ಚು. ಉಸಿರಾಟದ ವ್ಯಾಯಾಮದಿಂದ ತೀರುವ ಲೆಕ್ಕ ಇದಲ್ಲ.

ಮಾಡಬೇಕಾದದ್ದು ಬೇಸರ ತರಿಸುವಷ್ಟು ಸಾದಾ. ವಾರಕ್ಕೊಮ್ಮೆ ತಂಡದ ಕೆಲಸಗಳ ಪಟ್ಟಿ ಮುಂದಿಟ್ಟುಕೊಂಡು, ಹೊಸದು ಸೇರಿಸುವ ಮೊದಲು "ಯಾವುದನ್ನ ಬಿಡೋಣ?" ಎಂದು ಕೇಳಿ. ಬಿಡುವ ನಿರ್ಧಾರ ನಿಮ್ಮದೇ ಆಗಿರಲಿ, ಮೇಲಿನವರಿಗೆ ಉತ್ತರ ಕೊಡುವವರೂ ನೀವೇ. ರಾತ್ರಿ ಹನ್ನೊಂದಕ್ಕೆ ನಿಮಗೆ ಏನೋ ಹೊಳೆದರೆ ಬರೆದಿಡಿ, ಬೆಳಿಗ್ಗೆ ಹೋಗುವ ಹಾಗೆ ಸಮಯ ನಿಗದಿ ಮಾಡಿ. "ಈಗಲೇ ಉತ್ತರ ಬೇಡ" ಎಂಬ ಸಾಲನ್ನು ಯಾರೂ ನಂಬುವುದಿಲ್ಲ. ರಜೆ ಹಾಕಿದರೆ ನೀವೂ ನಿಜವಾಗಿ ರಜೆ ಮಾಡಿ. ಬೀಚಿನಿಂದ ಮೀಟಿಂಗಿಗೆ ಬರುವ ಮ್ಯಾನೇಜರ್ ತನ್ನ ತಂಡದ ರಜೆಯನ್ನೂ ಕಸಿದುಕೊಳ್ಳುತ್ತಾರೆ. ಯಾರು ರಜೆಯಲ್ಲಿದ್ದರೆ ಅವರ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂಬುದು ಮೊದಲೇ ಬರೆದಿರಲಿ.

ಹೊರೆ ಒಂದೇ ಕಾರಣವೂ ಅಲ್ಲ. ಬರ್ನ್‌ಔಟ್ ಬಗ್ಗೆ ದಶಕಗಳಿಂದ ಕೆಲಸ ಮಾಡಿರುವ ಕ್ರಿಸ್ಟಿನಾ ಮಾಸ್ಲಾಕ್ ಆರು ಕಡೆ ನೋಡಲು ಹೇಳುತ್ತಾರೆ: ಕೆಲಸದ ಪ್ರಮಾಣ, ಅದರ ಮೇಲೆ ನಮಗಿರುವ ಹಿಡಿತ, ಸಿಗುವ ಪ್ರತಿಫಲ ಮತ್ತು ಮೆಚ್ಚುಗೆ, ಜೊತೆಗಾರರ ಸಂಬಂಧ, ನ್ಯಾಯ, ಮೌಲ್ಯಗಳು. ನನ್ನ ಅನುಭವದಲ್ಲಿ ಜನ ಹೆಚ್ಚು ಸಹಿಸದಿರುವುದು ಅನ್ಯಾಯವನ್ನು. ಹತ್ತು ಗಂಟೆ ದುಡಿದವರೂ ನಗುತ್ತಾರೆ, ತಾವು ಮಾಡಿದ ಕೆಲಸಕ್ಕೆ ಬೇರೆಯವರ ಹೆಸರು ಬಂದ ದಿನ ಮುದುಡುತ್ತಾರೆ.

ಹಂತ 7: ಒಬ್ಬರು ಕುಗ್ಗಿದ್ದು ಕಂಡಾಗ

ಕಂಡದ್ದನ್ನು ಹೇಳಿ, ಊಹಿಸಿದ್ದನ್ನು ಬಿಡಿ. "ನಿಮಗೆ ಡಿಪ್ರೆಶನ್ ಇರಬೇಕು" ಎಂದು ಹೇಳುವ ಹಕ್ಕು ನಮಗಿಲ್ಲ. "ಎರಡು ವಾರದಿಂದ ನೀವು ಊಟಕ್ಕೂ ಏಳ್ತಿಲ್ಲ, ಮೀಟಿಂಗಲ್ಲಿ ಮಾತಾಡ್ತಿಲ್ಲ. ಹೇಗಿದೀರಾ?" ಎನ್ನಬಹುದು. ಇಬ್ಬರೇ ಇದ್ದಾಗ, ಫೋನ್ ಮಗುಚಿಟ್ಟು ಕೇಳಿ. ಅವರು "ಏನಿಲ್ಲ" ಎಂದರೆ ಒತ್ತಬೇಡಿ, ಕೆಲವು ದಿನ ಬಿಟ್ಟು ಮತ್ತೊಮ್ಮೆ ಕೇಳಿ. ಹೇಳಿಕೊಂಡರೆ ಪರಿಹಾರ ಸುರಿಸಬೇಡಿ. ಕೆಲಸದಲ್ಲಿ ಏನು ಸಡಿಲ ಮಾಡಿದರೆ ಸಹಾಯವಾಗುತ್ತದೆ ಎಂದು ಕೇಳಿ, ಒಪ್ಪಿದ್ದನ್ನು ಮಾಡಿ. ಕೇಳಿಸಿಕೊಂಡ ಮಾತು ಅವರ ಅನುಮತಿ ಇಲ್ಲದೆ ನಿಮ್ಮ ಬಾಯಿಂದ ಹೊರಡಬಾರದು. ಅದನ್ನು ಮುಂದಿನ ಮೌಲ್ಯಮಾಪನದಲ್ಲಿ ಅವರ ವಿರುದ್ಧ ಬಳಸಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಬದುಕು ಸಾಕು ಎಂಬ ಅರ್ಥದ ಮಾತು ಬಂದರೆ ಗುಟ್ಟಿನ ನಿಯಮ ಅಲ್ಲಿಗೆ ನಿಲ್ಲುತ್ತದೆ. ನೇರವಾಗಿ, ಮೆತ್ತಗೆ ಕೇಳಿ: "ಸಾಯುವ ಯೋಚನೆ ಬರ್ತಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಅವರನ್ನು ಒಂಟಿಯಾಗಿ ಬಿಡದೆ ವೈದ್ಯರು, ತುರ್ತು ಸೇವೆ ಅಥವಾ ಸಹಾಯವಾಣಿಯ ಜೊತೆ ಅದೇ ಹೊತ್ತಿಗೆ ಸಂಪರ್ಕ ಮಾಡಿಸಿ.

ನಿಮ್ಮ ಕೈಯಲ್ಲಿ ಅಧಿಕಾರ ಇಲ್ಲದಿದ್ದರೆ

ಮೇಲಿನವರು ಬದಲಾಗುವವರೆಗೆ ಕಾಯಬೇಕಿಲ್ಲ, ಹಾಗೆಂದು ತಲೆ ಕೊಡಲೂ ಬೇಕಿಲ್ಲ. ಮೊದಲು ಪಕ್ಕದವರಿಂದ ಶುರು ಮಾಡಿ. ಮೀಟಿಂಗಿನಲ್ಲಿ ಯಾರದೋ ಮಾತು ಅರ್ಧಕ್ಕೆ ತುಂಡಾದರೆ, "ಅವರು ಏನೋ ಹೇಳ್ತಿದ್ರು" ಎಂದು ಆ ಮಾತನ್ನು ಮತ್ತೆ ಮೇಲಕ್ಕೆ ತನ್ನಿ. ನಿಮಗೆ ಗೊತ್ತಿಲ್ಲದ್ದನ್ನು ನೀವೇ ಮೊದಲು ಕೇಳಿ, ಅದೇ ಸಂದೇಹ ಇಟ್ಟುಕೊಂಡ ಇನ್ನಿಬ್ಬರು ನಿಟ್ಟುಸಿರು ಬಿಡುತ್ತಾರೆ.

ಬಾಸ್‌ಗೆ ಕೆಟ್ಟ ಸುದ್ದಿ ಹೇಳುವಾಗ ಸುತ್ತು ಬಳಸಬೇಡಿ. ಕಾಳಜಿ, ಸಾಕ್ಷ್ಯ, ಸಲಹೆ, ಈ ಮೂರು ಸಾಲು ಸಾಕು. "ಸೋಮವಾರದ ಡೆಡ್‌ಲೈನ್ ಬಗ್ಗೆ ನನಗೆ ಚಿಂತೆ ಇದೆ. ಟೆಸ್ಟಿಂಗ್ ಅರ್ಧ ಮಾತ್ರ ಆಗಿದೆ. ಎರಡು ದಿನ ಮುಂದೂಡಬೇಕು ಅಥವಾ ಇನ್ನೊಬ್ಬರು ಬೇಕು, ನೀವು ಏನಂತೀರಿ?" ಮುಖ್ಯವಾದದ್ದಾದರೆ ಬರಹದಲ್ಲೂ ಕಳಿಸಿ, ದಿನಾಂಕ ಉಳಿಯಲಿ.

ಕಿರುಚಾಡುವ, ಹೇಳಿದವರ ಮೇಲೆ ಸೇಡು ತೀರಿಸುವ ಜಾಗದಲ್ಲಿ ನಿಮ್ಮ ಮೌನ ಹೇಡಿತನ ಅಲ್ಲ. ಅಲ್ಲಿ ಆಗುವುದನ್ನು ಬರೆದಿಡಿ, ನಂಬುವ ಒಬ್ಬರಿಗೆ ತಿಳಿಸಿ, ದೂರು ಕೊಡುವ ದಾರಿ ಇದ್ದರೆ ಬಳಸಿ, ಜೊತೆಜೊತೆಗೆ ಬೇರೆ ಕೆಲಸ ಹುಡುಕಿ. ಒಬ್ಬರೇ ನಿಂತು ತಂಡದ ಸಂಸ್ಕೃತಿ ಬದಲಿಸಿ ಎಂದು ನಿಮಗೆ ಹೇಳುವವರ ಸಂಬಳ ನಿಮ್ಮ ಸಂಬಳಕ್ಕಿಂತ ಹೆಚ್ಚಿರುತ್ತದೆ.

ಹಂತ 8: ಮೂರು ತಿಂಗಳ ನಂತರ

ಮೊದಲ ಹಂತದ ಎರಡು ದಿನಾಂಕಗಳ ಲೆಕ್ಕವನ್ನು ಮತ್ತೆ ತೆಗೆಯಿರಿ. ಅಂತರ ಕಡಿಮೆಯಾಗಿದೆಯೇ ನೋಡಿ. ಒಂದು ಎಚ್ಚರ ಇರಲಿ: ನೀವು ಮಾಡಿದ್ದು ಸರಿಯಾಗಿದ್ದರೆ ತಂಡದಿಂದ ವರದಿಯಾಗುವ ತಪ್ಪುಗಳ ಸಂಖ್ಯೆ ಈಗ ಏರಿರುತ್ತದೆ, ಎಡ್ಮಂಡ್ಸನ್ ಅವರ ವಾರ್ಡುಗಳಲ್ಲಿ ಕಂಡ ಹಾಗೆ. ದೂರುಗಳು ಹೆಚ್ಚಿರುತ್ತವೆ, ಮೀಟಿಂಗುಗಳಲ್ಲಿ ವಾದ ಹೆಚ್ಚಿರುತ್ತದೆ, ಒಂದಿಬ್ಬರು ನಿಮ್ಮ ಬಗ್ಗೆಯೇ ನೇರ ಮಾತು ಆಡಿರುತ್ತಾರೆ. ನಿಮ್ಮ ಮೇಲಿನವರು ಆ ಅಂಕಿ ನೋಡಿ "ನಿಮ್ಮ ತಂಡ ಹಾಳಾಗ್ತಿದೆಯಲ್ಲ" ಎನ್ನುವ ಸಾಧ್ಯತೆ ಇದೆ. ಅದಕ್ಕೇ ಶುರು ಮಾಡುವ ಮೊದಲೇ ಅವರ ಬಳಿ ಹೋಗಿ, ಮುಂದಿನ ಮೂರು ತಿಂಗಳು ಅಂಕಿ ಏರುತ್ತದೆ, ಯಾಕೆ ಏರುತ್ತದೆ ಎಂದು ಹೇಳಿಟ್ಟಿರಿ. ಅದನ್ನು ಕೇಳಿಸಿಕೊಂಡ ಮೊದಲ ಹತ್ತು ಸೆಕೆಂಡು ಅವರ ಮುಖ ಹೇಗಿತ್ತು ಎಂದೂ ನೋಡಿಕೊಳ್ಳಿ.